ಅರ್ಧ ಮುಗಿದ ಮಾಲು

ದೇಶದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂಬುದು ಕಾಮರ್ಸಿನವರಾದ ನಮಗೆಲ್ಲ ಬಾಯಿಪಾಠ. ನಮ್ಮ ಮನೆಯ ಲೆಕ್ಕದ ವರ್ಷ ಮಾತ್ರ ಮುಂಬಯಿಗೆ ಮಳೆ ಹಿಡಿಯುವ ದಿನ ಮುಗಿಯುತ್ತದೆ, ಅಂದರೆ ಜೂನ್ 10-11ರ ಆಸುಪಾಸು. ಮಳೆ ಹಿಡಿಯಿತೆಂದರೆ ನಮ್ಮ ಚಾಳಿನ ಗೋಡೆ ಬೆವರುತ್ತದೆ, ಮಂಚದ ಕೆಳಗಿಟ್ಟ ಅರಿವೆಗೆ ಬೂಷ್ಟು ಹಿಡಿಯುತ್ತದೆ, ಗಚ್ಚಿಯ ಮೇಲೆ ಏನನ್ನೂ ಹರವಲು ಬರುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ಮಂಚದಡಿಯ ಗಂಟುಗಳನ್ನೆಲ್ಲ ಹೊರಗೆಳೆದು, ಬಿಸಿಲು ತೋರಿಸಿ, ಯಾವ ಹೊಲಿಗೆ ಮುಗಿದಿದೆ, ಯಾವುದು ಮುಗಿಯಬೇಕು, ಯಾವುದು ಈ ಜನ್ಮದಲ್ಲಿ ಮುಗಿಯುವಂಥದ್ದಲ್ಲ ಎಂದು ಬೇರೆಬೇರೆ ಮಾಡಬೇಕು. ಈ ಸಲ ಸೆಕೆಂಡ್ ಇಯರ್ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ಪಾಲಿಗೆ ಆ ಕೆಲಸ ಬಂತು.

ಗಂಟು ಎಂದೆನಲ್ಲ, ಅವು ಹಳೆಯ ದಿಂಬಿನ ಗವಸುಗಳು. ಒಂದೊಂದರೊಳಗೆ ಒಂದೊಂದು ಕೆಲಸ, ಅದರ ದಾರ, ಅದಕ್ಕೇ ಚುಚ್ಚಿಟ್ಟ ಸೂಜಿ. ಎಣಿಸಿದರೆ ಹನ್ನೊಂದು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಕತ್ತರಿಸಿ ಕಚ್ಚಾ ಟಾಕಿ ಹಾಕಿದ್ದ ಪರಕಾರ ಒಂದು. ಈಗ ಅದು ನನ್ನ ಮೊಣಕಾಲಿಗೂ ಬರುವುದಿಲ್ಲ. ಬೆನ್ನು, ಎದೆ, ಒಂದೂವರೆ ತೋಳು ಆಗಿ ನಿಂತ ನೀಲಿ ಸ್ವೆಟರ್ ಒಂದು. ಹೂ ಅರ್ಧ ಅರಳಿದ ಗಲೀಫು ಎರಡು. ಕಿಟಕಿಯ ಪಡದೆ, ಒಂದೇ ಬದಿ ಮಡಚಿದ್ದು. ಅವ್ವನ ಒಂದು ಬ್ಲೌಸು, ಅಸ್ತರ ಸಮೇತ ಕತ್ತರಿಸಿದ್ದು, ನಾಲ್ಕು ವರ್ಷದ ಹಿಂದಿನದು. ಇಡೀ ಓಣಿಯ ಹೆಂಗಸರ ಅಳತೆ ಬಾಯಲ್ಲೇ ಇಟ್ಟುಕೊಂಡಿರುವ ನಮ್ಮವ್ವ ತನ್ನ ಬ್ಲೌಸಿಗೆ ಇನ್ನೂ ತೋಳು ಕೂಡಿಸಿಲ್ಲ. ಎಲ್ಲದರ ಕೆಳಗೆ, ಎರಡು ಗವಸಿಗೂ ಹಿಡಿಸದೆ ಹಳೆಯ ಸೀರೆಯಲ್ಲಿ ಕಟ್ಟಿಟ್ಟದ್ದು ಕೌದಿ.

ಕಾಸ್ಟಿಂಗ್ ಪಾಠದಲ್ಲಿ ದಾಸ್ತಾನು ಮೂರು ತರಹ ಎಂದು ಕಲಿತಿದ್ದೇವೆ: ರಾ ಮಟೀರಿಯಲ್, ವರ್ಕ್ ಇನ್ ಪ್ರೋಗ್ರೆಸ್, ಫಿನಿಷ್ಡ್ ಗೂಡ್ಸ್. ಹತ್ತನೆಯತನಕ ಕನ್ನಡ ಶಾಲೆಯಲ್ಲಿ ಓದಿ ಬಂದ ನಾನು ಕಾಲೇಜಿನಲ್ಲಿ ಪ್ರತಿ ಇಂಗ್ಲಿಷ್ ಶಬ್ದಕ್ಕೂ ವಹಿಯ ಅಂಚಿನಲ್ಲಿ ಒಂದು ಕನ್ನಡ ಶಬ್ದ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಅದು ತಲೆಯೊಳಗೆ ಕೂಡುವುದಿಲ್ಲ. ವರ್ಕ್ ಇನ್ ಪ್ರೋಗ್ರೆಸ್ ಎದುರಿಗೆ ನಾನು ಬರೆದುಕೊಂಡದ್ದು "ಅರ್ಧ ಮುಗಿದ ಮಾಲು". ನಮ್ಮ ಅಜ್ಜ ಮಿಲ್ಲಿನ ಭಾಷೆಯಲ್ಲಿ ಮಗ್ಗದ ಮೇಲಿನ ಬಟ್ಟೆಗೆ ಹಾಗೆ ಹೇಳುತ್ತಿದ್ದ. ಹನ್ನೊಂದು ಗಂಟುಗಳ ಯಾದಿಯನ್ನು ಮೂರು ಕಾಲಮ್ಮು ಹಾಕಿಯೇ ಬರೆದೆ. ಮೂರನೆಯ ಕಾಲಮ್ಮು, ಮುಗಿದ ಮಾಲಿನದು, ಖಾಲಿ ಉಳಿಯಿತು. ಮುಗಿದದ್ದು ನಮ್ಮ ಮನೆಯಲ್ಲಿ ನಿಲ್ಲುವುದೇ ಇಲ್ಲ, ಅದೇ ಸಂಜೆ ಗಿರಾಕಿಯ ಚೀಲದಲ್ಲಿ ಹೊರಡುತ್ತದೆ. ಮನೆಯಲ್ಲಿ ಉಳಿದದ್ದೆಲ್ಲ ಮನೆಯವರದು. ಅದಕ್ಕೇ ಅದು ಮುಗಿದಿಲ್ಲ.

ಬೇಸಿಗೆಯಲ್ಲಿ ಈ ಪೇಚು ಹೆಚ್ಚು. ಅವ್ವನ ತವರು ವಿಜಾಪುರ ಜಿಲ್ಲೆಯ ಹಳ್ಳಿ. ಅಲ್ಲಿ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಚೈತ್ರ ವೈಶಾಖವೆಂದರೆ ಕೌದಿಯ ಕಾಲ. ಮಧ್ಯಾಹ್ನ ಊಟವಾದ ಮೇಲೆ ಗುಡಿಯ ಕಟ್ಟೆಯ ನೆರಳಿಗೋ ಪಡಸಾಲೆಗೋ ನಾಲ್ಕು ಮಂದಿ ಹೆಂಗಸರು ಸೇರಿ, ನಾಲ್ಕು ಮೂಲೆಗೆ ಒಬ್ಬೊಬ್ಬರು ಕೂತು ಹೊಲಿಯುತ್ತಾರೆ. ಹರವಿಟ್ಟದ್ದನ್ನು ಮಡಚುವ ಅವಸರವಿಲ್ಲ, ಮಳೆಯ ಅಂಜಿಕೆಯಿಲ್ಲ. ಮುಂಬಯಿಯಲ್ಲಿ ಅದೇ ಏಪ್ರಿಲ್-ಮೇ ಲಗ್ನದ ಸೀಜನ್ನು. ಸೀರೆಗೆ ಫಾಲು-ಪಿಕೋ, ಬ್ಲೌಸು, ಬೀಗರ ಕಡೆಯವರ ಬ್ಲೌಸು, ಅಳತೆ ಸರಿಯಾಗದೆ ವಾಪಸು ಬಂದ ಬ್ಲೌಸು. ಅದು ಇಳಿಯಿತೆನ್ನುವಾಗ ಮೇ ಕಡೆಯ ವಾರದಿಂದ ಶಾಲೆಯ ಯೂನಿಫಾರ್ಮು. ಊರಿನ ಬೇಸಿಗೆ ಬಿಡುವು ಕೊಟ್ಟು ಕೌದಿ ಹೊಲಿಸಿಕೊಂಡರೆ ಇಲ್ಲಿನ ಬೇಸಿಗೆ ಆ ಬಿಡುವನ್ನೇ ಕತ್ತರಿಸಿ ಬೇರೆಯವರಿಗೆ ಹೊಲಿಸುತ್ತದೆ. ಅವ್ವ ಮಾತ್ರ ಪ್ರತಿ ಬೇಸಿಗೆಗೂ ಹೊಸದೊಂದು ಕೆಲಸ ಸುರು ಮಾಡುತ್ತಾಳೆ. ಅವಳ ಮೈಯೊಳಗಿನ ಪಂಚಾಂಗ ಇನ್ನೂ ಊರಿನದೇ ಇರಬೇಕು.

ಹೊಲಿಗೆಯ ದರವನ್ನೂ ಹೇಳಿಬಿಡುತ್ತೇನೆ, ಲೆಕ್ಕ ಮುಂದೆ ಬೇಕಾಗುತ್ತದೆ. ಒಂದು ಸೀರೆಗೆ ಫಾಲ್ ಹಚ್ಚಲು ಅಂಗಡಿಯವನು ಗಿರಾಕಿಯಿಂದ ನೂರು ರೂಪಾಯಿ ತೆಗೆದುಕೊಳ್ಳುತ್ತಾನೆ, ಅವ್ವನಿಗೆ ಮೂವತ್ತು ಕೊಡುತ್ತಾನೆ. ಒಂದು ಫಾಲಿಗೆ ನಲವತ್ತು ಮಿನಿಟು. ಅಂದರೆ ತಾಸಿಗೆ 45 ರೂಪಾಯಿ.

ಈಗ ಕೌದಿಗೆ ಬರೋಣ. ಮರಾಠಿ ನೆರೆಯವರು ಗೋಧಡಿ ಎನ್ನುತ್ತಾರೆ, ವಿಚಾರ ಅದೇ. ನೋಡದವರು ನಮ್ಮ ಸಂಘದಲ್ಲಿ ಕಡಿಮೆ, ಹೊದ್ದವರೇ ಹೆಚ್ಚು. ಆದರೆ ಹೊದ್ದವರಿಗೆ ಅದರ ಹೊಲಿಗೆಯ ದಾರಿ ಗೊತ್ತಿರುತ್ತದೆಂದು ಹೇಳಲಾಗದು. ತಳಕ್ಕೆ ಹಳೆಯ ಸೀರೆಯೋ ಧೋತರವೋ ಹರವಿ, ಅದರ ಮೇಲೆ ಚಿಂದಿಯ ತುಂಡುಗಳನ್ನು ಇಟ್ಟುಕೊಂಡು, ಅಂಚಿನಿಂದ ಟಾಕಿ ಹಾಕುತ್ತ ಹೋಗುವುದು. ಒಂದು ಸುತ್ತು ಪೂರಾ ಬಂದ ಮೇಲೆ ಬೆರಳಷ್ಟು ಒಳಗೆ ಸರಿದು ಎರಡನೆಯ ಸುತ್ತು, ಮತ್ತೆ ಒಳಗೆ ಮೂರನೆಯದು. ಹೀಗೆ ಹೊರಗಿನಿಂದ ನಡುವಿನ ಕಡೆಗೆ. ಆದ್ದರಿಂದ ಮುಗಿಯದ ಕೌದಿ ಅಂಚಿನಲ್ಲಿ ಗಟ್ಟಿಯಾಗಿರುತ್ತದೆ, ನಡುವೆ ಹೊಟ್ಟೆ ಪೊಳ್ಳು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರೂ ಹೀಗೆಯೇ ಅಂಚಿನಿಂದ ಒಳಗೆ ಹೊಲಿಯುತ್ತಾರೆ. ಅವರು ಮೂಲೆಗಳಿಗೆ ಬಟ್ಟೆ ಮಡಚಿ "ಫೂಲ" ಎಂಬ ಹೂ ಕೂಡಿಸುತ್ತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ನಮ್ಮ ಕೌದಿ 72 ಇಂಚು ಉದ್ದ, 54 ಇಂಚು ಅಗಲ, ಸುತ್ತಿನಿಂದ ಸುತ್ತಿಗೆ ಮುಕ್ಕಾಲು ಇಂಚು. ಕಾಗದದ ಮೇಲೆ ಲೆಕ್ಕ ಹಾಕಿದೆ: ಒಟ್ಟು 36 ಸುತ್ತು, 432 ಅಡಿ ಹೊಲಿಗೆ. ನಾಲ್ಕೈದು ಪದರಿನ ದಪ್ಪದಲ್ಲಿ ಸೂಜಿ ತೂರಿಸುತ್ತ ಅವ್ವ ತಾಸಿಗೆ ಆರು ಅಡಿ ಹೊಲಿಯುತ್ತಾಳೆ. ಅಂದರೆ 72 ತಾಸಿನ ಕೆಲಸ. ಇದರಲ್ಲಿ 22 ಸುತ್ತು ಆಗಿದೆ, 14 ಉಳಿದಿದೆ. ಬಾಯಿಲೆಕ್ಕದಲ್ಲಿ ಐದರಲ್ಲಿ ಎರಡು ಪಾಲು ಉಳಿದಂತೆ ತೋರುತ್ತದೆ. ಆದರೆ ಒಳಗಿನ ಸುತ್ತುಗಳು ಸಣ್ಣವಲ್ಲವೆ? ಉಳಿದದ್ದು ಬರೇ 91 ಅಡಿ, ಹದಿನೈದು ತಾಸು. ಈ ಹದಿನೈದು ತಾಸು ಅವ್ವನಿಗೆ ನಾಲ್ಕು ವರ್ಷದಿಂದ ಸಿಕ್ಕಿಲ್ಲ.

ಇದನ್ನು ನಾನು ಅವಳಿಗೆ ಓದಿ ಹೇಳಿದೆ. ಅವಳು ಬಾಬಿನ್ನಿಗೆ ದಾರ ಸುತ್ತುತ್ತ, "ಹಂಗಾರ ನಿನ್ನ ಕಾಲೇಜು ಛಲೋನ ಕಲಸ್ತೈತಿ ಬಿಡು. ಹದಿನೈದು ತಾಸು ಒಮ್ಮೆ ಸಿಗೂದಿಲ್ಲವಾ, ಅರ್ಧ ತಾಸು ಅರ್ಧ ತಾಸು ಸಿಗ್ತಾವ. ಕೌದಿ ಹರವಾಕ ಮಡಚಾಕನ ಕಾಲು ತಾಸು ಹೊಕ್ಕೈತಿ," ಅಂದಳು. ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಆರಡಿ ಕೌದಿ ಹರವಿದರೆ ಉಳಿದವರು ಗ್ಯಾಲರಿಗೆ ಹೋಗಿ ನಿಲ್ಲಬೇಕು. ಯಾವ ಕಾಸ್ಟ್ ಶೀಟಿನಲ್ಲೂ ಈ ಕಾಲು ತಾಸಿಗೆ ಕಾಲಮ್ಮು ಇಲ್ಲ.

ಆ ಕೌದಿಯೊಳಗೆ ಏನೇನಿದೆ ಎಂದರೆ ಅರ್ಧ ಮನೆತನವೇ ಇದೆ. ತಳದಲ್ಲಿ ಅಜ್ಜನ ಎರಡು ಧೋತರ. ಮೇಲೆ ಅಜ್ಜಿಯ ಇಳಕಲ್ಲ ಸೀರೆ. ಅದರ ಸೆರಗು ಒಡಲಿಗೆ ಕೊಂಡಿ ಹಾಕಿ ಜೋಡಿಸಿದ ಗುರುತು ಇನ್ನೂ ಕಾಣುತ್ತದೆ. ಅಕ್ಕನ ಶಾಲೆಯ ಫ್ರಾಕು. ಮತ್ತೆ ಒಂದು ಡಬ್ಬಿ ತುಂಬ ಇದ್ದ ಮಿಲ್ಲಿನ ತುಂಡುಬಟ್ಟೆ. ಅಜ್ಜ ಗಿರಣಗಾವಿನ ಒಂದು ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿದ್ದ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಕೆಲಸ ನಿಲ್ಲಿಸಿದರಲ್ಲ, ಅವರಲ್ಲಿ ಅವನೂ ಒಬ್ಬ. ಮುಷ್ಕರ ನಿಲ್ಲಿಸಿದ್ದೇವೆಂದು ಯಾರೂ ವಿಧಿವತ್ತಾಗಿ ಸಾರಲಿಲ್ಲ, ಅಜ್ಜನೂ ಮತ್ತೆ ಮಿಲ್ಲಿನ ಬಾಗಿಲು ದಾಟಲಿಲ್ಲ. ಅವನು ತೀರುವತನಕ ಯಾರಾದರೂ ಕೇಳಿದರೆ "ನಮ್ದು ಇನ್ನಾ ಸಂಪ ನಡದೈತಿ" ಅನ್ನುತ್ತಿದ್ದನಂತೆ. ಆ ವರ್ಷವೇ ಅಜ್ಜಿ ಕೈಬಳೆ ಒತ್ತೆಯಿಟ್ಟು ಸೆಕೆಂಡ್‌ಹ್ಯಾಂಡ್ ಕಾಲ್ಮಶೀನು ತಂದಳು. ಈಗ ಅವ್ವ ತುಳಿಯುವುದು ಅದನ್ನೇ.

ಸ್ವೆಟರಿನ ಕತೆ ಇಷ್ಟು ದೊಡ್ಡದಲ್ಲ. ಮುಂಬಯಿಯ ಬೇಸಿಗೆಯಲ್ಲಿ ಉಣ್ಣೆ ಹಿಡಿಯುವುದೆಂದರೆ ಬೆವರಿದ ಕೈಗೆ ಬೆಕ್ಕು ಕಟ್ಟಿಕೊಂಡಂತೆ. ಅದು ಬೆಳಗಾವಿಯ ಸೋದರಮಾವನ ಮಗನಿಗೆಂದು ಸುರು ಮಾಡಿದ್ದು. ಸುಲಟು-ಉಲಟು ನಾನು ಕಲಿತದ್ದು ಕನ್ನಡ ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ, ಆದ್ದರಿಂದ ಬೆನ್ನು ನನ್ನದು, ಎದೆ ಅವ್ವನದು. ಮೂರು ವರ್ಷದಲ್ಲಿ ಹುಡುಗ ಅರ್ಧ ಅಡಿ ಬೆಳೆದ, ಸ್ವೆಟರು ಬೆಳೆಯಲಿಲ್ಲ. ಇಂಥ ಮಾಲಿಗೆ ನಮ್ಮ ಶಾಸ್ತ್ರದಲ್ಲಿ ಸುಂಕ್ ಕಾಸ್ಟ್ ಎನ್ನುತ್ತಾರೆ, ಮುಳುಗಿದ ಖರ್ಚು, ಅದನ್ನು ನೆನೆದು ಮುಂದಿನ ನಿರ್ಣಯ ಮಾಡಬಾರದು. ಉಣ್ಣೆಗೆ ಆ ಮಾತು ಪೂರಾ ಒಪ್ಪುವುದಿಲ್ಲ. ತುದಿ ಹುಡುಕಿ ಎಳೆದರೆ ಮೂರು ವರ್ಷವೂ ಸುರುಸುರು ಬಿಚ್ಚಿ ಬರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಕಟ್ಟಿ, ತೊಳೆದು ಭಾರ ಕಟ್ಟಿ ಒಣಹಾಕಿದರೆ ಗುಂಗುರು ಹೋಗಿ ಮತ್ತೆ ನೂಲು. ಕತ್ತರಿ ತಾಗಿದ ಬಟ್ಟೆಗೆ ಈ ಭಾಗ್ಯವಿಲ್ಲ. ನನ್ನ ಪರಕಾರ ಇನ್ನು ಪರಕಾರವಾಗುವುದಿಲ್ಲ. ಯಾದಿಯಲ್ಲಿ ಅದನ್ನು "ಮುಂದಿನ ಕೌದಿಗೆ" ಎಂದು ಬರೆದೆ.

ಏಪ್ರಿಲ್‌ನಲ್ಲಿ ಅಕ್ಕ ಚೊಚ್ಚಲ ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದಳು. ಏಳನೆಯ ತಿಂಗಳಲ್ಲಿ ಕುಬಸ ಮಾಡಿದೆವು. ಕುಬಸವೆಂದರೆ ಬ್ಲೌಸೇ ತಾನೆ, ಅದನ್ನು ಮಾತ್ರ ಅವ್ವ ಒಂದೇ ರಾತ್ರಿ ಕೂತು ಹೊಲಿದು ಹುಕ್ಕು-ಕಾಜದ ಸಮೇತ ಮುಗಿಸಿದಳು. ಬರಲಿರುವ ಕೂಸಿಗೆ ಕುಂಚಿಗಿ, ಕುಲಾವಿ, ಪುಟ್ಟ ಕೌದಿ ಬೇಕಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂಬ ಗಾದೆ ನಮಗೆಲ್ಲ ಗೊತ್ತು. ನಾವು ಅದನ್ನು ಪ್ರಬಂಧದಲ್ಲಿ ಹಾಕುತ್ತೇವೆ, ಅವ್ವ ಅದನ್ನು ಪಾಲಿಸುತ್ತಾಳೆ. ಹೇಗೆ ಪಾಲಿಸುತ್ತಾಳೆ ನೋಡಿ: ಕುಲಾವಿ ಕತ್ತರಿಸಿದಳು, ಹೊಲಿದಳು, ಝಾಲರಿ ಕೂಡಿಸಿದಳು, ಕಡೆಗೆ ಕುತ್ತಿಗೆಯ ಕಡೆ ಒಂದು ಗೇಣು ಹೊಲಿಯದೆ ಬಿಟ್ಟು ಸೂಜಿ ಚುಚ್ಚಿಟ್ಟಳು. ಕುಂಚಿಗಿಗೂ ಒಂದು ಬದಿ ಬಾಕಿ. "ಮುಗದಿಲ್ಲ ಅಂದಮ್ಯಾಲ ಹೊಲದಂಗಲ್ಲ," ಎಂದು ಅವಳ ವಾದ. ನನ್ನ ಯಾದಿಗೆ ಹೀಗೆ ಎರಡು ಅರ್ಧ ಮುಗಿದ ಮಾಲು ಹೊಸದಾಗಿ ಸೇರಿದವು. ಆದರೆ ಇವು ವೇಳೆ ಸಿಗದೆ ಉಳಿದವಲ್ಲ, ಬೇಕೆಂದೇ ಉಳಿಸಿದವು. ಬಿಚ್ಚಿದ ನೀಲಿ ಉಣ್ಣೆಯಲ್ಲಿ ಕಾಲುಚೀಲ ಹೆಣೆಯಲೇ ಎಂದು ಕೇಳಿದ್ದಕ್ಕೆ ಕೂಡಲೇ ಒಪ್ಪಿದಳು. ಅದು ಹಳೇ ನೂಲಂತೆ, ದೋಷವಿಲ್ಲವಂತೆ.

ಮೇ ಮೊದಲ ವಾರ ಕೌದಿಯನ್ನು ಗಚ್ಚಿಯ ಮೇಲೆ ಬಿಸಿಲಿಗೆ ಹರವಿದ್ದೆ. ಫಾಲ್ ಹಚ್ಚಿಸಲು ಬರುವ ದಾದರದ ಕಡೆಯ ಒಬ್ಬ ಬಾಯಿ, ಕೈಕೆಲಸದ ಸಾಮಾನಿನ ವ್ಯಾಪಾರವಿರುವವರು, ಅದನ್ನು ನೋಡಿ ನಿಂತರು. ಅಂಚು ಸವರಿದರು, ಮಗುಚಿ ಹಿಂಬದಿಯ ಟಾಕಿ ನೋಡಿದರು. ಎಂಟು ದಿವಸದಲ್ಲಿ ಮುಗಿಸಿ ಕೊಟ್ಟರೆ 2,500 ರೂಪಾಯಿ ಎಂದರು. ಹಳೆಯ ಮಿಲ್ಲಿನ ಬಟ್ಟೆ, ಇಳಕಲ್ಲ ಸೀರೆ, ಇದಕ್ಕೆಲ್ಲ ಈಗ ಗಿರಾಕಿಗಳಿದ್ದಾರೆ ಎಂದೂ ಹೇಳಿದರು.

ರಾತ್ರಿ ನಾನು ಲೆಕ್ಕ ಮಾಡಿದೆ. 72 ತಾಸಿಗೆ ಫಾಲಿನ ದರದಲ್ಲಿ 3,240 ರೂಪಾಯಿ, ದಾರಕ್ಕೆ 160, ಒಟ್ಟು 3,400. ಬಟ್ಟೆಗೆ ಸೊನ್ನೆ. ದಾಸ್ತಾನಿನ ಬೆಲೆ ಕಟ್ಟುವಾಗ ತಗುಲಿದ ಖರ್ಚು ಮತ್ತು ಮಾರಿದರೆ ಕೈಗೆ ಬರುವ ಹಣ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕೆಂದು ನಿಯಮ. ಹಾಗಾಗಿ ನಮ್ಮ ಕೌದಿಯ ಬೆಲೆ 2,500. ಪಾಠದ ಪ್ರಕಾರ ಉತ್ತರ ಸರಿ, ಮಾರ್ಕೂ ಬೀಳುತ್ತದೆ. ನನಗೆ ಮಾತ್ರ ಆ ಉತ್ತರದ ಮೇಲೆ ಸಿಟ್ಟು ಬಂತು. ಆದರೆ ಥರ್ಡ್ ಇಯರಿನ ಫೀ ಜೂನಿನಲ್ಲಿ ಕಟ್ಟಬೇಕಾಗಿತ್ತು, ಅಕ್ಕನ ದವಾಖಾನೆ ಮುಂದಿತ್ತು, ಅಪ್ಪನ ಪಗಾರ ಎಷ್ಟೆಂಬುದು ನನಗೆ ಗೊತ್ತಿತ್ತು. ಮಾರಬೇಡ ಎಂದು ಹೇಳುವ ಹಕ್ಕು ನನಗಿದೆಯೆಂದು ಅನಿಸಲಿಲ್ಲ. ಸುಮ್ಮನೆ ಕಾಗದ ಅವಳ ಮುಂದೆ ಇಟ್ಟೆ.

ಅವ್ವ ಕಾಗದ ನೋಡಲಿಲ್ಲ. ಮರುದಿನ ಬಾಯಿ ಬಂದಾಗ ಮರಾಠಿಯಲ್ಲಿ ಹೇಳಿದ್ದನ್ನು ನನಗೆ ಮತ್ತೆ ನಮ್ಮ ಭಾಷೆಯಲ್ಲಿ ಹೇಳಿದಳು: "ಅಜ್ಜನ ಧೋತರ ಮಾರಾಟಕ್ಕಿಲ್ಲ. ನನ್ನ ಕೈ ಮಾರಾಟಕ್ಕೈತಿ. ನಿಮ್ಮ ಅರಿವಿ ತಂದುಕೊಡ್ರಿ, ಇದರಂಗ ಇನ್ನೊಂದು ಹೊಲದು ಕೊಡ್ತೀನಿ." 3,500 ಕೇಳಿ, ಜಗ್ಗಾಡಿ, 3,000ಕ್ಕೆ ನಿಂತು, ಸಾವಿರ ಮುಂಗಡ ತೆಗೆದುಕೊಂಡಳು. ಮುನ್ನೂರು-ನಾನೂರು ಲುಕ್ಸಾನು ಎಂದು ನಾನು ತೋರಿಸಿದ್ದಕ್ಕೆ, "ಜೂನದಾಗ ಫಾಲ್ ಯಾರು ತಂದು ಕೊಡ್ತಾರ ನನಗ?" ಎಂದು ಬಾಯಿ ಮುಚ್ಚಿಸಿದಳು. ಫಾಲೂ ಇಲ್ಲದ ತಾಸಿನ ದರ ಎಷ್ಟು ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ, ಅವಳ ಲೆಕ್ಕದಲ್ಲಿತ್ತು.

ಮುಂದೆ ಆದದ್ದನ್ನು ನೀವು ಊಹಿಸಬಹುದು. ಮೇ 10ಕ್ಕೆ ಸುರುವಾದ ಬಾಯಿಯ ಕೌದಿ ಜೂನ್ 5ಕ್ಕೆ ಮುಗಿಯಿತು. ನಾಲ್ಕು ವರ್ಷದಿಂದ ಹದಿನೈದು ತಾಸು ಸಿಗದ ಖೋಲಿಯಲ್ಲಿ ಇಪ್ಪತ್ತೇಳು ದಿವಸದಲ್ಲಿ 72 ತಾಸು ಸಿಕ್ಕವು. ಅವು ಎಲ್ಲಿಂದ ಬಂದವೆಂದರೆ ಅವ್ವನ ನಿದ್ದೆಯಿಂದ ಮತ್ತು ನನ್ನ ರಜೆಯಿಂದ. ಫಾಲೆಲ್ಲ ನನ್ನ ಕೈಗೆ ಬಂತು, ದಿನಕ್ಕೆ ಮೂರು ನಾಲ್ಕು. ಅಪ್ಪ ಕೆಲಸ ಮುಗಿಸಿ ಬಂದು ಗ್ಯಾಲರಿಯಲ್ಲಿ ಊಟ ಮಾಡಿದ. ಯೂನಿಫಾರ್ಮಿಗೆ ಕಾಜ ಅಕ್ಕ ಹಾಕಿದಳು. ಪಕ್ಕದ ಕಾಕು ಒಂದೆರಡು ಸುತ್ತು ತಾವಾಗಿಯೇ ಬಂದು ಹೊಲಿದುಕೊಟ್ಟರು, ಗೋಧಡಿ ಕಂಡರೆ ಅವರಿಗೆ ಕೈ ಸುಮ್ಮನಿರುವುದಿಲ್ಲ.

ಪೀಗೂ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1920ರ ತನ್ನ ಪುಸ್ತಕದಲ್ಲಿ ಒಂದು ಮಾತು ಹೇಳಿದ್ದಾನೆ, ನಮ್ಮ ಕ್ಲಾಸಿನಲ್ಲಿ ಅದನ್ನು ಕೇಳಿ ಎಲ್ಲರೂ ನಗುತ್ತಾರೆ: ಒಬ್ಬ ಮನುಷ್ಯ ತನ್ನ ಮನೆಗೆಲಸದವಳನ್ನು ಮದುವೆಯಾದರೆ ದೇಶದ ಆದಾಯ ಕಡಿಮೆಯಾಗುತ್ತದೆ, ಕೆಲಸ ಮಾತ್ರ ಅದೇ. ಈ ಬೇಸಿಗೆ ಆ ಮಾತು ನನಗೆ ನಗೆಯಾಗಿ ಕೇಳಿಸಲಿಲ್ಲ. ಒಂದೇ ಕೈ, ಒಂದೇ ಟಾಕಿ, ಒಂದೇ ಮಂಚದ ಕೆಳಗೆ ಎರಡು ಕೌದಿ. ಗಿರಾಕಿ ಇದ್ದದ್ದಕ್ಕೆ ವೇಳೆ ಹುಟ್ಟುತ್ತದೆ. ಗಿರಾಕಿ ಇಲ್ಲದ್ದಕ್ಕೆ ನಾವು "ಪುರುಸೊತ್ತಿಲ್ಲ" ಎನ್ನುತ್ತೇವೆ. ನಿಮ್ಮ ಮನೆಯ ಮಂಚದ ಕೆಳಗೂ ಒಮ್ಮೆ ಬಗ್ಗಿ ನೋಡಿ. ಅಲ್ಲಿ ಅರ್ಧ ಉಳಿದದ್ದು ಯಾರದು, ಅವರು ಇಡೀ ದಿನ ಯಾರ ಕೆಲಸ ಮುಗಿಸುತ್ತಿದ್ದರು ಎಂದು ಕೇಳಿ ನೋಡಿ. ಸೋಮಾರಿತನ ಎಂದು ನಾನೂ ಒಂದು ಕಾಲಮ್ಮು ಹಾಕಬಹುದಿತ್ತು, ಆದರೆ ಆ ಕಾಲಮ್ಮಿನಲ್ಲಿ ಬರೆಯಲು ಹನ್ನೊಂದರಲ್ಲಿ ಒಂದೂ ಸಿಗಲಿಲ್ಲ.

ಬಾಯಿ ಉಳಿದ ಎರಡು ಸಾವಿರ ಕೊಟ್ಟು ಕೌದಿ ಒಯ್ದ ವಾರದೊಳಗೆ ಮಳೆ ಹಿಡಿಯಿತು. ಫೀ ಕಟ್ಟಿದೆ. ಪಡದೆಯ ಇನ್ನೊಂದು ಬದಿ ನಾನೇ ಮಡಚಿ ಕಿಟಕಿಗೆ ಹಾಕಿದೆ. ಅವ್ವನ ಬ್ಲೌಸಿಗೆ ಒಂದು ತೋಳು ಕೂಡಿಸಿದ್ದೇನೆ. ಇನ್ನೊಂದಕ್ಕೆ ಅವಳ ಅಳತೆ ಮತ್ತೆ ಹಿಡಿಯಬೇಕು, ನಾಲ್ಕು ವರ್ಷದಲ್ಲಿ ಅವಳ ರಟ್ಟೆ ಇಳಿದುಹೋಗಿದೆ. ಕೌದಿಯ ನಾಲ್ಕು ಸುತ್ತು ಅಕ್ಕ ಹೊಲಿದಳು, ಮಧ್ಯಾಹ್ನ ಕಾಲು ಚಾಚಿ ಕೂತಾಗ, ಅಮಾಸಿಯ ದಿನ ಅವ್ವ ಸೂಜಿ ಕಸಿದುಕೊಂಡದ್ದು ಬಿಟ್ಟರೆ. ಈಗ ಉಳಿದದ್ದು ಹತ್ತು ಸುತ್ತು, 55 ಅಡಿ.

ಕೂಸು ಜೂನ್ ಕಡೆಯ ವಾರ ಹುಟ್ಟಿತು, ಹೆಣ್ಣು. ದವಾಖಾನೆಯಿಂದ ಸುದ್ದಿ ಬಂದ ರಾತ್ರಿ ಅವ್ವ ಕುಲಾವಿಯ ಆ ಒಂದು ಗೇಣು ಹೊಲಿದಳು. ಹತ್ತು ಮಿನಿಟೂ ಹಿಡಿಯಲಿಲ್ಲ. ಪುಟ್ಟ ಕೌದಿ ಇನ್ನೂ ಆಗಿಲ್ಲ, ಅದಕ್ಕೆ ತೆಗೆದಿಟ್ಟ ನನ್ನ ಪರಕಾರ ಗವಸಿನಲ್ಲೇ ಇದೆ. ಅಲ್ಲಿಯತನಕ ದೊಡ್ಡದನ್ನೇ ನಾಲ್ಕು ಮಡಿಕೆ ಮಾಡಿ ಹಾಸುತ್ತೇವೆ, ಹೊಲಿಗೆ ಗಟ್ಟಿಯಿದ್ದ ಅಂಚು ಮೇಲೆ ಬರುವ ಹಾಗೆ. ಸೂಜಿ ತೆಗೆದು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದ್ದೇವೆ.